ಬಂಗುಡೆಯ ಕೆಂಪು ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಗೆ

ಬಂಗುಡೆಯನ್ನು ಅಡ್ಡಕ್ಕೆ ತುಂಡರಿಸಿದರೆ ಒಳಗಿನ ಮಾಂಸ ತಿಳಿಬಣ್ಣದ್ದಾಗಿದ್ದರೂ ಎರಡೂ ಪಕ್ಕಗಳಲ್ಲಿ, ಚರ್ಮಕ್ಕೆ ಅಂಟಿಕೊಂಡಂತೆ, ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಕಾಣೆ ಮೀನಿನಲ್ಲಿ ಅದು ಇಷ್ಟು ಎದ್ದು ತೋರುವುದಿಲ್ಲ. ಇದು ಹೆಪ್ಪುಗಟ್ಟಿದ ರಕ್ತವಲ್ಲ, ಮೀನು ಹಳತಾದುದರ ಗುರುತೂ ಅಲ್ಲ. ಬೇರೆಯದೇ ಕೆಲಸಕ್ಕೆ ಒದಗುವ ಬೇರೆ ಬಗೆಯ ಸ್ನಾಯು. ಒಂಬತ್ತನೆಯ ತರಗತಿಯಲ್ಲಿ ಅಂಗಾಂಶಗಳ (ಒಂದೇ ಕೆಲಸಕ್ಕೆ ಕೂಡಿದ ಕೋಶಗಳ ಗುಂಪುಗಳ) ಪಾಠ ಓದುತ್ತಿರುವ ಕರಾವಳಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

400 ಪಟ್ಟು ಹಿಗ್ಗಿಸಿ ತೋರಿಸುವ ಸಾಮಾನ್ಯ ಸೂಕ್ಷ್ಮದರ್ಶಕ, ಕೆಲವು ಗಾಜಿನ ಸ್ಲೈಡ್ ಮತ್ತು ಕವರ್‌ಸ್ಲಿಪ್, ಎರಡು ಸೂಜಿ, ಹೊಸ ಬ್ಲೇಡು ಇದ್ದರೆ ಸಾಕು. 100 ಮಿಲಿಲೀಟರ್ ನೀರಿಗೆ ಸುಮಾರು 1 ಗ್ರಾಂ ಉಪ್ಪು ಕರಗಿಸಿಟ್ಟುಕೊಳ್ಳಬೇಕು. ಬರಿಯ ನೀರು ಹಾಕಿದರೆ ಅದು ಕೋಶಗಳೊಳಗೆ ನುಗ್ಗಿ ಅವು ಉಬ್ಬುತ್ತವೆ. ಬಣ್ಣಕ್ಕೆ ಮೆಥಿಲೀನ್ ಬ್ಲೂ ಬೇಕು. ಅಲಂಕಾರಿಕ ಮೀನುಗಳ ರೋಗಕ್ಕೂ ಇದನ್ನೇ ಬಳಸುವುದರಿಂದ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಬಹುದು. ಬಟ್ಟೆಗೆ ತಾಗಿದರೆ ಕಲೆ ಸುಲಭವಾಗಿ ಹೋಗದು.

ಕೈ ಪಳಗಲು ಮೊದಲು ಕೆನ್ನೆಯ ಒಳಭಾಗವನ್ನು ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಸವರಿ, ಬಂದುದನ್ನು ಸ್ಲೈಡಿನ ಮೇಲೆ ಹಚ್ಚಿ, ಒಂದು ತೊಟ್ಟು ಬಣ್ಣ ಹಾಕಿ ಕವರ್‌ಸ್ಲಿಪ್ ಮುಚ್ಚಬೇಕು. ಹಪ್ಪಳದಂತೆ ಚಪ್ಪಟೆಯಾದ, ನಡುವೆ ನೀಲಿ ಕೋಶಕೇಂದ್ರವಿರುವ ಕೋಶಗಳು ಕಾಣುತ್ತವೆ. ಇದು ಮೈಯ ಹೊರ, ಒಳ ಮೇಲ್ಮೈಗಳನ್ನು ಹೊದೆಯುವ ಅನುಲೇಪಕ ಅಂಗಾಂಶ. ಬಾಯಿಯಲ್ಲಿ ಇದು ಪದರ ಪದರವಾಗಿರುವುದರಿಂದ ಊಟದ ಉಜ್ಜಾಟಕ್ಕೆ ಮೇಲಿನ ಪದರ ಉದುರಿದರೂ ಕೆಳಗಿನಿಂದ ಹೊಸ ಕೋಶಗಳು ಬರುತ್ತಿರುತ್ತವೆ.

ಇನ್ನು ಮೀನು. ದಕ್ಕೆಯಿಂದ (ದೋಣಿಗಳು ಮೀನು ಇಳಿಸುವ ಕಟ್ಟೆಯಿಂದ) ಆ ದಿನವೇ ಬಂದದ್ದಾದರೆ ಉತ್ತಮ. ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಮೀನಿನಲ್ಲಿ ಮಂಜಿನ ಹರಳುಗಳು ಸ್ನಾಯುವಿನ ನಾರುಗಳನ್ನು, ಅಂದರೆ ತಂತುಗಳನ್ನು, ಸೀಳಿರುತ್ತವೆ. ಹಾಗಾಗಿ ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ ಈ ಪ್ರಯೋಗಕ್ಕೆ ಅಷ್ಟು ಒಳ್ಳೆಯದಲ್ಲ. ಕೆಂಪು ಪಟ್ಟಿಯಿಂದ ಸಾಸಿವೆ ಗಾತ್ರದ ಚೂರನ್ನೂ ಬಿಳಿ ಭಾಗದಿಂದ ಅಷ್ಟೇ ಚೂರನ್ನೂ ತೆಗೆದು ಬೇರೆ ಬೇರೆ ಸ್ಲೈಡುಗಳಲ್ಲಿ ಇಟ್ಟು, ಉಪ್ಪುನೀರಿನ ಹನಿಯಲ್ಲಿ ಎರಡು ಸೂಜಿಗಳಿಂದ ನಾರಿನ ಉದ್ದಕ್ಕೆ ಬಿಡಿಸುತ್ತ ಹೋಗಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ: ಚೂರು ದೊಡ್ಡದಾಗುತ್ತದೆ, ತಾಳ್ಮೆ ಸಣ್ಣದಾಗುತ್ತದೆ. ಬರಿಗಣ್ಣಿಗೆ ಕೂದಲೆಳೆಯಂತೆ ಕಾಣುವವರೆಗೆ ಬಿಡಿಸಿ, ಕವರ್‌ಸ್ಲಿಪ್ ಮುಚ್ಚಿ, ಬಣ್ಣ ಹಾಕದೆಯೇ ಬೆಳಕಿನ ಕಿಂಡಿಯನ್ನು ಕಿರಿದಾಗಿಸಿ ನೋಡಬೇಕು. ತಂತುವಿಗೆ ಅಡ್ಡಲಾಗಿ ಒತ್ತೊತ್ತಾದ ನವಿರು ಗೆರೆಗಳು ತೋರುತ್ತವೆ. ಒಂದರ ನಡುವೆ ಇನ್ನೊಂದು ಜಾರಿ ಸ್ನಾಯುವನ್ನು ಕುಗ್ಗಿಸುವ ಆಕ್ಟಿನ್, ಮಯೋಸಿನ್ ಎಳೆಗಳ ಶಿಸ್ತಾದ ಜೋಡಣೆಯೇ ಈ ಗೆರೆಗಳಿಗೆ ಕಾರಣ. ನಮ್ಮ ತೋಳಿನ ಸ್ನಾಯುವಿನಲ್ಲಿಯೂ ಇವೇ ಇವೆ. ಬಳಿಕ ಅಂಚಿನಿಂದ ಒಂದು ತೊಟ್ಟು ಬಣ್ಣ ಬಿಟ್ಟರೆ, ಒಂದೇ ತಂತುವಿನ ಬದಿಯುದ್ದಕ್ಕೂ ಹಲವು ಕೋಶಕೇಂದ್ರಗಳು ನೀಲಿಯಾಗಿ ಎದ್ದು ಬರುತ್ತವೆ.

ಈಗ ಎರಡು ಸ್ಲೈಡುಗಳನ್ನು ಹೋಲಿಸಿ ನೋಡಿದರೆ ಕೆಂಪು ಭಾಗದ ತಂತುಗಳು ಸಾಮಾನ್ಯವಾಗಿ ತೆಳುವಾಗಿಯೂ ಬಿಳಿಯವು ದಪ್ಪವಾಗಿಯೂ ಇರುತ್ತವೆ. ಬಂಗುಡೆ ಮೇಲ್ನೀರಿನಲ್ಲಿ ಗುಂಪುಗೂಡಿ ಬಿಡುವಿಲ್ಲದೆ ಈಜುವ ಮೀನು; ಆ ನಿರಂತರ ಈಜಿಗೆ ಆಮ್ಲಜನಕ ಎಡೆಬಿಡದೆ ಒದಗಬೇಕು. ತಂತು ತೆಳುವಾದಷ್ಟೂ ಪಕ್ಕದ ರಕ್ತನಾಳದಿಂದ ಅದರ ನಡುವಿಗೆ ಆಮ್ಲಜನಕ ಬೇಗ ತಲುಪುತ್ತದೆ, ಮಯೋಗ್ಲೋಬಿನ್ ಎಂಬ ಪ್ರೋಟೀನ್ ಅದನ್ನು ಹಿಡಿದಿಡುತ್ತದೆ, ಕೆಂಪು ಬಣ್ಣವೂ ಬಹುಪಾಲು ಅದರದೇ. ಬಿಳಿ ಸ್ನಾಯು ಶತ್ರು ಕಂಡಾಗ ಒಮ್ಮೆಲೇ ಚಿಮ್ಮಲು ಇರುವುದು: ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ಇಂಧನವನ್ನು ಆಮ್ಲಜನಕಕ್ಕೆ ಕಾಯದೆ ಬಳಸುತ್ತದೆ, ಬೇಗ ದಣಿಯುತ್ತದೆ. ಮರಳಿನ ತಳದಲ್ಲಿ ಬದುಕುತ್ತ ಅಪಾಯ ಬಂದರೆ ಮರಳಿನೊಳಗೆ ಹುದುಗುವ ಕಾಣೆಯ ಮಾಂಸ ಏಕೆ ಬೆಳ್ಳಗಿದೆಯೆಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ.

ತಂತುಗಳನ್ನು ಪದರ ಪದರವಾಗಿ ಹಿಡಿದಿಡುವುದು ಕೊಲಾಜನ್ ಎಂಬ ಪ್ರೋಟೀನ್ ಇರುವ ಸಂಯೋಜಕ ಅಂಗಾಂಶ. ಮೀನಿನ ಕೊಲಾಜನ್ ಕುರಿ, ಕೋಳಿಯದಕ್ಕಿಂತ ಕಡಿಮೆ ಉಷ್ಣತೆಯಲ್ಲಿಯೇ ಕರಗುವುದರಿಂದ, ಪುಳಿಮುಂಚಿ ಎಂಬ ಹುಳಿಖಾರದ ಸಾರಿನಲ್ಲಿ ಕೊಂಚ ಹೆಚ್ಚು ಬೆಂದ ಬಂಗುಡೆ ಸೌಟು ತಾಗಿದರೆ ಸಾಕು, ಪದರ ಕಳಚಿಕೊಳ್ಳುತ್ತದೆ.

ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ಬಯಾಪ್ಸಿ (ದೇಹದಿಂದ ತೆಗೆದ ಚಿಕ್ಕ ತುಂಡಿನ ಪರೀಕ್ಷೆ) ವರದಿಗಾಗಿ ಕಾದವರಿಗೆ, ಇಷ್ಟು ಸುಲಭವಾಗಿ ನೋಡಬಹುದಾದರೆ ಅಲ್ಲಿ ಅಷ್ಟು ದಿನವೇಕೆ ಎಂದೆನಿಸಬಹುದು. ನಾವು ನೋಡಿದ್ದು ಬಿಡಿಸಿದ ಎಳೆಗಳನ್ನು. ರೋಗಶಾಸ್ತ್ರಜ್ಞರು ನೋಡಬೇಕಾದದ್ದು ಕೋಶಗಳು ಇದ್ದ ಜಾಗದಲ್ಲಿಯೇ ಇರುವ ಜೋಡಣೆಯನ್ನು. ಅದಕ್ಕೆ ತುಂಡನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ನಿಲ್ಲಿಸಿ, ಆಲ್ಕೋಹಾಲಿನಿಂದ ನೀರನ್ನು ಹಂತಹಂತವಾಗಿ ತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 3ರಿಂದ 5 ಪಾಲಿನಷ್ಟು ತೆಳುವಾಗಿ ಕೊಯ್ದು, ಕೋಶಕೇಂದ್ರಕ್ಕೆ ನೀಲಿ ಹಿಡಿಸುವ ಹಿಮಟಾಕ್ಸಿಲಿನ್ ಮತ್ತು ಉಳಿದುದಕ್ಕೆ ಗುಲಾಬಿ ಹಿಡಿಸುವ ಇಯೋಸಿನ್ ಹಾಕುತ್ತಾರೆ. ಫಾರ್ಮಲಿನ್ ಕಣ್ಣು, ಶ್ವಾಸನಾಳಗಳಿಗೆ ಹಾನಿಕರವಾದುದರಿಂದ ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು.

ಕೆಲಸ ಮುಗಿದ ಮೇಲೆ ಸ್ಲೈಡುಗಳನ್ನು ಸಾಬೂನಿನಿಂದ ತೊಳೆದು, ಮಸೂರಕ್ಕೆ ಉಪ್ಪುನೀರು ತಾಗಿದ್ದರೆ ಕೂಡಲೇ ಒರೆಸಬೇಕು. ನಮ್ಮ ಮಳೆಗಾಲದ ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ಬಲು ಬೇಗ. ಸೂಕ್ಷ್ಮದರ್ಶಕದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟು ಮುಚ್ಚುವುದು ಒಳ್ಳೆಯದು.