ಇಬ್ಬನಿಯ ಹಾದಿಗೆ ಮೆಶ್ ಶೂ: ಶರತ್ಕಾಲದ ನಡಿಗೆಯಲ್ಲಿ ನನ್ನ ಅನುಭವ

ಶರತ್ಕಾಲದ ಮೊದಲ ವಾರಗಳಲ್ಲಿ ಹಳ್ಳಿಗಾಡು ಸುತ್ತುವವರ ಕಾಲು ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಇಬ್ಬನಿ. ವಾಟರ್‌ಪ್ರೂಫ್ ಬೂಟಿಲ್ಲದೆ ಹೊರಡಬೇಡ ಎಂದವರೇ ಎಲ್ಲ. ಈ ಸಲ ಮೆಶ್ ಬಟ್ಟೆಯ (ಗಾಳಿಯಾಡುವ ಜಾಲರಿ ಬಟ್ಟೆ) ಓಟದ ಶೂನಲ್ಲೇ ಆರು ದಿನ, ಹೆಚ್ಚುಕಡಿಮೆ 110 ಕಿ.ಮೀ. ಮುಗಿಸಿದೆ, ಒಂದು ಬೊಕ್ಕೆಯೂ ಏಳಲಿಲ್ಲ.

ಬೂಟಿಗೆ ಎರಡು ಸಲ ದುಡ್ಡು ಸುರಿದಿದ್ದೇನೆ. ಒಂದು ಜೊತೆಯ ಬೆಲೆಗೆ ಮೆಶ್ ಶೂ ಎರಡು ಜೊತೆ ಬಂದು ಇನ್ನೂ ಉಳಿಯುತ್ತಿತ್ತು. ಮೊಣಕಾಲೆತ್ತರದ ಹುಲ್ಲಿನಲ್ಲಿ ಅರ್ಧ ಗಂಟೆ ನಡೆದರೆ ಸಾಕು, ನೀರು ಪ್ಯಾಂಟಿನಿಂದ ಕಾಲ್ಚೀಲಕ್ಕಿಳಿದು ಮೇಲಿನಿಂದಲೇ ಬೂಟು ಸೇರುತ್ತದೆ. ಹೊರಗಿನ ನೀರು ತಡೆಯುವ ಪೊರೆ ಒಳಗಿನದನ್ನೂ ಹಿಡಿದಿಡುತ್ತದೆ. ಚರ್ಮ ನೆನೆದು ಮೆತ್ತಗಾಗಿ, ಮೂರನೇ ದಿನಕ್ಕೆ ಹಿಮ್ಮಡಿಯಲ್ಲಿ ಬೊಕ್ಕೆ. ಬೂಟಿನ ಬಾಯಿ ಮುಚ್ಚುವಂತೆ ಕಣಕಾಲಿಗೆ ಸುತ್ತುವ ಗೇಟರ್ ಕಟ್ಟಿ ನೋಡಿದೆ: ಇಬ್ಬನಿ ಹೊರಗುಳಿಯಿತು, ಬೆವರು ಒಳಗೆ ನಿಂತಿತು. ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದ್ದು ಒಂದು ಗಂಟೆಯೊಳಗೆ ಹರಿಯಿತು.

ಹುಲ್ಲು ಒಣಗಲಿ ಎಂದು ಕಾಯಬಹುದು. ಆದರೆ ಕಣಿವೆಯ ಮಂಜು, ಬೇಲಿಯ ಜೇಡರ ಬಲೆಯ ಹನಿ ಎರಡೂ ಕೈತಪ್ಪುತ್ತವೆ. ಈ ಋತುವಿನಲ್ಲಿ ನಾನು ನಡೆಯುವುದೇ ಬೆಳಗಿನ ಆ ಎರಡು ಗಂಟೆಗಾಗಿ.

ಹಾಗಾಗಿ ನೆನೆಯಲಿ ಎಂದೇ ಹೊರಡುತ್ತೇನೆ. ಬೆರಳ ಸಂದಿಗೂ ಹಿಮ್ಮಡಿಗೂ ದಪ್ಪಗೆ ವ್ಯಾಸಲೀನ್, ಮೇಲೆ ತೆಳು ಉಣ್ಣೆಯ ಕಾಲ್ಚೀಲ. ಹತ್ತೂವರೆ ಸುಮಾರಿಗೆ ಹುಲ್ಲು ಒಣಗಿದಾಗ ಕೂತು, ಶೂ ಒಳಗಿನ ಸೋಲ್ ತೆಗೆದು ಬಿಸಿಲಿಗಿಟ್ಟು, 20 ನಿಮಿಷ ಕಾಲು ಗಾಳಿಗೆ ಬಿಟ್ಟು ಒಣ ಕಾಲ್ಚೀಲದ ಜೊತೆ ಹಾಕುವುದು. ಒದ್ದೆಯದನ್ನು ಬೆನ್ನುಚೀಲಕ್ಕೆ ಪಿನ್ ಮಾಡಿದರೆ ಬಿಸಿಲಿದ್ದ ದಿನ ಸಂಜೆಗೆ ಒಣಗುತ್ತದೆ. ಮೂರನೇ ಜೊತೆ ಮಲಗಲು ಮಾತ್ರ. ಹತ್ತಿಯದು ಬೇಡವೇ ಬೇಡ.

ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್‌ನ 1892ರ ಲೆಕ್ಕವೇ: ಗಂಟೆಗೆ 5 ಕಿ.ಮೀ., 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಾಲ್ಚೀಲ ಬದಲಿಸುವುದಕ್ಕೂ ಸೇರಿ ಅದರ ಮೂರನೇ ಒಂದು ಭಾಗ ಕೂಡಿಸುತ್ತೇನೆ. ಹಗಲು ಅತಿ ಬೇಗ ಕುಗ್ಗುವುದು ಹಗಲು-ರಾತ್ರಿ ಸಮವಾಗುವ ಈ ವಿಷುವದ ಆಸುಪಾಸಿನಲ್ಲೇ. 50 ಡಿಗ್ರಿ ಅಕ್ಷಾಂಶದಲ್ಲಿ ವಾರಕ್ಕೆ ಸುಮಾರು 25 ನಿಮಿಷ.

ಡೇರೆಯನ್ನು ತಗ್ಗಿನಲ್ಲಿ ಹಾಕಿ ಎರಡು ರಾತ್ರಿ ಪರೀಕ್ಷಿಸಿದೆ. ಮೋಡವಿಲ್ಲದಾಗ ತಣ್ಣನೆ ಗಾಳಿ ಕಣಿವೆಗಿಳಿದು ನಿಲ್ಲುತ್ತದೆ, ಡೇರೆಯ ಒಳಪದರವೆಲ್ಲ ತೊಯ್ದಿತ್ತು. ಐವತ್ತು ಮೀಟರ್ ಮೇಲೆ, ಒಣಕೊಂಬೆಯಿಲ್ಲದ ಮರದಡಿ ಹಾಕಿದ್ದು ಬಹುಪಾಲು ಒಣಗೇ ಇತ್ತು.

ಇಬ್ಬನಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ್ದು ಕಂಡ ದಿನ ಇದನ್ನೆಲ್ಲ ನಿಲ್ಲಿಸಿ. ಒದ್ದೆ ಮೆಶ್‌ನಲ್ಲಿ ಬೆರಳು ಮರಗಟ್ಟುತ್ತವೆ. ಆಗ ಬೂಟೇ ಬೇಕು.