ನೂರು ಪರ್ಸೆಂಟ್ ಸ್ಕಾಲರ್‌ಶಿಪ್ಪಾ, ಗೋವಾ ಸೀಟಾ? ನಾನು ಲೆಕ್ಕ ಹಾಕಿದ ರೀತಿ

ಮೇ, ಜೂನ್ ಬಂತು ಅಂದ್ರೆ ಊರ ಕಡೆಯಿಂದ ನನಗೆ ಫೋನ್ ಶುರು. "ಅಕ್ಕಾ, ಒಂದು ಕಡೆ ಫುಲ್ ಸ್ಕಾಲರ್‌ಶಿಪ್ ಕೊಡ್ತಿದಾರೆ. ಇನ್ನೊಂದು ಕಡೆ ನಂಗೆ ಬೇಕಾದ ಕಾಲೇಜೇ ಸಿಕ್ಕಿದೆ, ಆದ್ರೆ ಇಪ್ಪತ್ತು ಲಕ್ಷ. ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಬದಲು ಒಂದು ಸಲ ಬರೆದಿಟ್ಟರೆ ಕಳಿಸೋಕೆ ಸುಲಭ ಅಂತ ಕೂತಿದ್ದೇನೆ. ಇದು ನನ್ನ ಲೆಕ್ಕ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು.

ನಾನು 2019ರಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದವಳು. ಸಾಗರದ ಹತ್ತಿರದ ಹಳ್ಳಿ, ಎರಡೆಕರೆ ಅಡಿಕೆ ತೋಟ, ಅಪ್ಪ ಅಮ್ಮ, ಹೈಸ್ಕೂಲಿನಲ್ಲಿ ಓದುತ್ತಿದ್ದ ತಮ್ಮ. ಬಿಟ್ಸ್‌ನ ಪ್ರವೇಶ ಪರೀಕ್ಷೆ ಬಿಟ್‌ಸ್ಯಾಟ್ ಚೆನ್ನಾಗಿ ಆಗಿ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಬಂತು. ಎರಡು ವರ್ಷದಿಂದ ಕನಸು ಕಂಡಿದ್ದು ಅದನ್ನೇ. ಅದೇ ವಾರ ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಯೂನಿವರ್ಸಿಟಿಯಿಂದ ಪತ್ರ ಬಂತು: ಅದೇ ಬ್ರಾಂಚ್, 100% ಸ್ಕಾಲರ್‌ಶಿಪ್. ಸಿಇಟಿ ಸೀಟು ಇರಲಿಲ್ವಾ ಅಂತ ಕೇಳ್ತೀರಿ, ಗೊತ್ತು. ಇತ್ತು. ಆಗ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಬೋರ್ಡ್ ಪರೀಕ್ಷೆಯ ಕೆಮಿಸ್ಟ್ರಿಯಲ್ಲಿ ಅಂಕ ಕಡಿಮೆ ಬಂದು ರ‍್ಯಾಂಕ್ ಹಿಂದೆ ಬಿತ್ತು. ಒಳ್ಳೆ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸಿಗುತ್ತಿತ್ತು, ಎಲೆಕ್ಟ್ರಾನಿಕ್ಸ್ ಅಲ್ಲ. ಅದನ್ನು ಕೈಬಿಡದೆ ಚಾಯ್ಸ್ 2 ಹಾಕಿ ಇಟ್ಟುಕೊಂಡಿದ್ದೆ. ಅಂದರೆ ಸೀಟು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯೋದು.

ಮೊದಲು ಮಾಡಿದ ಕೆಲಸ ಅಂದರೆ ಸ್ಕಾಲರ್‌ಶಿಪ್ ಪತ್ರವನ್ನು ಪ್ರಿಂಟ್ ಹಾಕಿಸಿ ಪೆನ್ಸಿಲ್ ಹಿಡಿದು ಓದಿದ್ದು. ಮೊದಲ ಪುಟದಲ್ಲಿ ಅಭಿನಂದನೆ, ದೊಡ್ಡ ಅಕ್ಷರದಲ್ಲಿ 100%. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು. ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ. ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, "ಇತರೆ ಶುಲ್ಕ" ಎಲ್ಲ ನಮ್ಮದೇ. ಪ್ರತಿ ವರ್ಷದ ಕೊನೆಗೆ ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ) 8.5ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಒಂದು ಸಬ್ಜೆಕ್ಟೂ ಬ್ಯಾಕ್, ಅಂದರೆ ಫೇಲಾಗಿ ಬಾಕಿ, ಉಳಿಯುವಂತಿಲ್ಲ. ಇಳಿದರೆ ಮುಂದಿನ ವರ್ಷದಿಂದ ಪೂರ್ತಿ ಫೀಸು, ವರ್ಷಕ್ಕೆ 3 ಲಕ್ಷ. ನನಗೆ ಇಷ್ಟವಾಗದ ಒಂದು ಸಾಲೂ ಇತ್ತು: "ಮ್ಯಾನೇಜ್‌ಮೆಂಟಿನ ತೀರ್ಮಾನವೇ ಅಂತಿಮ."

ಅಡ್ಮಿಶನ್ ಆಫೀಸಿಗೆ ಫೋನ್ ಮಾಡಿದರೆ ಆ ಕಡೆಯವರು ತುಂಬಾ ಪ್ರೀತಿಯಿಂದ, "ಚಿಂತೆ ಮಾಡ್ಬೇಡಿ ಮೇಡಂ, ಇಲ್ಲಿ ತನಕ ಯಾರದ್ದೂ ತೆಗ್ದಿಲ್ಲ" ಅಂದರು. ಹದಿನೆಂಟು ವರ್ಷದವಳಿಗೆ ಮೇಡಂ ಅಂದರೆ ಖುಷಿ ಆಗೋದು ಸಹಜ. ಆದರೂ ಪ್ರಶ್ನೆಗಳನ್ನೆಲ್ಲ ಇಮೇಲ್‌ನಲ್ಲಿ ಕಳಿಸಿದೆ. ಒಂದು ವರ್ಷ ಹೋದ ಸ್ಕಾಲರ್‌ಶಿಪ್, ಮುಂದಿನ ವರ್ಷ ಅಂಕ ಸರಿಹೋದರೆ ವಾಪಸ್ ಬರುತ್ತಾ? ಪೂರ್ತಿ ಫೀಸು ಕಟ್ಟಬೇಕಾಗಿ ಬಂದರೆ ನಾನು ಸೇರಿದ ವರ್ಷದ ದರವಾ, ಆ ವರ್ಷದ ದರವಾ? ಕಾಯಿಲೆ ಬಿದ್ದು ಪರೀಕ್ಷೆ ತಪ್ಪಿದರೆ ಅದನ್ನೂ ಬ್ಯಾಕ್ ಅಂತಲೇ ಹಿಡಿಯುತ್ತೀರಾ? ಮಧ್ಯದಲ್ಲಿ ಬಿಟ್ಟರೆ ಮಾಫಿ ಮಾಡಿದ ಫೀಸು ವಾಪಸ್ ಕಟ್ಟಬೇಕಾ? ಉತ್ತರ ತಡವಾಗಿ ಬಂತು, ಆದರೆ ಬಂತು. ಹೋದದ್ದು ವಾಪಸ್ ಬರಲ್ಲ. ಸೇರಿದ ವರ್ಷದ ದರವೇ ಹಿಡಿಯುತ್ತೇವೆ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಮರುಪರೀಕ್ಷೆಯಲ್ಲಿ ಪಾಸಾದರೆ ಬ್ಯಾಕ್ ಅಲ್ಲ. ಬಿಟ್ಟರೆ ಏನೂ ಕಟ್ಟಬೇಕಿಲ್ಲ. ಈ ಇಮೇಲನ್ನು ನಾಲ್ಕು ವರ್ಷ ಜೋಪಾನ ಮಾಡಿದ್ದೆ.

ಲಿಂಕ್ಡ್‌ಇನ್‌ನಲ್ಲಿ ಅಲ್ಲಿಯ ಸೀನಿಯರ್‌ಗಳನ್ನು ಹುಡುಕಿ ಕೇಳಿದೆ. ಪ್ಲೇಸ್‌ಮೆಂಟ್ ಬಗ್ಗೆ ಅಲ್ಲ, ಅದನ್ನು ಎಲ್ಲರೂ ಚೆನ್ನಾಗೇ ಹೇಳ್ತಾರೆ. ನಿಮ್ಮ ಜೊತೆ ಸ್ಕಾಲರ್‌ಶಿಪ್ ಮೇಲೆ ಬಂದವರಲ್ಲಿ ಯಾರದ್ದು ಹೋಯಿತು, ಯಾವಾಗ, ಯಾವ ಸಬ್ಜೆಕ್ಟಿನಿಂದ ಅಂತ. ಹೋದವರು ಇದ್ದರು. ಹೆಚ್ಚಿನವರದ್ದು ಮೊದಲ ವರ್ಷದಲ್ಲೇ ಹೋಗಿತ್ತು, ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಗಣಿತ. ಇದು ಗೊತ್ತಾಗಿದ್ದು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಇನ್ನು ಗೋವಾ. ಫೀಸು, ಹಾಸ್ಟೆಲ್, ಮೆಸ್, ಓಡಾಟ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 20 ಲಕ್ಷದ ಹತ್ತಿರ ಅಂತ ನಾವು ಹಿಡಿದೆವು. ಅಪ್ಪ ವರ್ಷಕ್ಕೆ 1 ಲಕ್ಷದ 30 ಸಾವಿರ ತನಕ ಹೊಂದಿಸಬಲ್ಲರು. ಅದು ನಾಲ್ಕು ವರ್ಷಕ್ಕೆ 5 ಲಕ್ಷ ಚಿಲ್ಲರೆ. ಉಳಿದ 15 ಲಕ್ಷ ಸಾಲ. ಬಿಟ್ಸ್‌ನಲ್ಲಿ ಮನೆಯ ಆದಾಯ ನೋಡಿ ಕೊಡುವ ಮೆರಿಟ್-ಕಮ್-ನೀಡ್ ಸ್ಕಾಲರ್‌ಶಿಪ್ ಇದೆ, ಆದರೆ ಅದಕ್ಕೆ ಅರ್ಜಿ ಹಾಕೋದು ಸೇರಿದ ಮೇಲೆ. ಎಷ್ಟು ಸಿಗುತ್ತೆ ಅಂತ ಮೊದಲೇ ಗೊತ್ತಿಲ್ಲದ ದುಡ್ಡನ್ನು ಲೆಕ್ಕಕ್ಕೆ ಸೇರಿಸಬಾರದು ಅಂತ ಬಿಟ್ಟೆ.

ಅಪ್ಪನೂ ನಾನೂ ಬ್ಯಾಂಕಿಗೆ ಹೋದೆವು. ಅಪ್ಪ ತೋಟದ ಪಹಣಿ, ಮನೆ ಕಂದಾಯದ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಮ್ಯಾನೇಜರ್ ಒಳ್ಳೆಯವರು, ಕೂರಿಸಿ ಬಿಡಿಸಿ ಹೇಳಿದರು. ಏಳೂವರೆ ಲಕ್ಷದ ತನಕ ಅಡಮಾನ ಬೇಡ. ಅದರ ಮೇಲೆ ಬೇಕು. ತೋಟ ಇದೆಯಲ್ಲ ಅಂತ ಅಪ್ಪ ಪಹಣಿ ಮುಂದಿಟ್ಟರೆ ಅವರು ಅದನ್ನು ನಿಧಾನಕ್ಕೆ ವಾಪಸ್ ತಳ್ಳಿದರು. ಸಾಲ ಕಟ್ಟದಿದ್ದರೆ ಆಸ್ತಿ ವಶಕ್ಕೆ ತಗೊಳ್ಳಲು ಬ್ಯಾಂಕಿಗೆ ಇರುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟದ ಅಡಮಾನ ಅಂದರೆ ಬ್ಯಾಂಕಿನವರಿಗೆ ಇಷ್ಟ ಇಲ್ಲ. ಮನೆ? ಮನೆಗೆ ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆ, ಫಾರಂ 9 ಮತ್ತು 11 ಬೇಕು. ಅಜ್ಜನ ಕಾಲದ ಮನೆ, ಇನ್ನೂ ಪಾಲು ಆಗಿಲ್ಲ, ಚಿಕ್ಕಪ್ಪಂದಿರ ಸಹಿ ಬೇಕು. ಅಪ್ಪ ಕಾಗದಗಳನ್ನು ಒಂದೊಂದಾಗಿ ಮಡಿಸಿ ಕವರಿಗೆ ಹಾಕಿಕೊಂಡರು.

ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗೆ ಆದಾಯ ಇರುವವರಿಗೆ ಓದುವಷ್ಟು ಕಾಲ ಮತ್ತು ಅದರ ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯ ವಿಷಯವನ್ನೂ ಮ್ಯಾನೇಜರೇ ಹೇಳಿದರು. ಅದೂ ಏಳೂವರೆ ಲಕ್ಷದ ತನಕದ ಅಡಮಾನ ಇಲ್ಲದ ಸಾಲಕ್ಕೆ. ನಮಗೆ ಬೇಕಿದ್ದದ್ದು ಅದರ ಎರಡರಷ್ಟು. (ಈಗ ಪಿಎಂ ವಿದ್ಯಾಲಕ್ಷ್ಮಿ ಬಂದಿದೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. 8 ಲಕ್ಷದ ತನಕ ಆದಾಯ ಇರುವ ಮನೆಯ ಮಕ್ಕಳಿಗೆ, 10 ಲಕ್ಷದ ತನಕದ ಸಾಲಕ್ಕೆ, ಓದುವಾಗಿನ ಬಡ್ಡಿಯಲ್ಲಿ 3% ರಿಯಾಯಿತಿ. ನಿಮ್ಮ ಕಾಲೇಜು ಅದರ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ.)

ಮನೆಗೆ ಬಂದು 10% ಬಡ್ಡಿ ಹಿಡಿದು ಲೆಕ್ಕ ಹಾಕಿದೆ. 15 ಲಕ್ಷವನ್ನು ನಾಲ್ಕು ಕಂತಲ್ಲಿ ತಗೊಂಡರೂ, ಓದು ಮುಗಿದು ಒಂದು ವರ್ಷ ಕಳೆದು ಕಂತು ಶುರುವಾಗೋ ಹೊತ್ತಿಗೆ ಸಾದಾ ಬಡ್ಡಿಯಲ್ಲೇ ಅದು 20 ಲಕ್ಷ ದಾಟುತ್ತೆ. ಹತ್ತು ವರ್ಷದಲ್ಲಿ ತೀರಿಸೋದಾದರೆ ತಿಂಗಳಿಗೆ 26–27 ಸಾವಿರ ಇಎಂಐ. ಅಪ್ಪ ಮಂಡಿ ಚೀಟಿಯ ಹಿಂದೆ ಬೇರೆಯೇ ಲೆಕ್ಕ ಬರೆಯುತ್ತಿದ್ದರು: ಯಾವ ವರ್ಷ ಎಷ್ಟು ಕ್ವಿಂಟಾಲ್ ಅಂತ. 2018ರ ಮಳೆಯಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಬಿಡುವೇ ಸಿಗದೆ ಅಡಿಕೆಗೆ ಕೊಳೆ ರೋಗ ಬಂದು ಅರ್ಧ ಫಸಲು ಉದುರಿತ್ತು. "ಕೂಸೆ, ಕೊಳೆ ಬಂದ ವರ್ಷ ಬ್ಯಾಂಕಿನವ್ರಿಗೆ ಎಂತ ಹೇಳದು?" ಅಂದರು. ಬೇಡ ಅಂತ ಅವರು ಒಂದು ಸಲವೂ ಅನ್ನಲಿಲ್ಲ, ಅದನ್ನೂ ಹೇಳಬೇಕು.

ಸಾಮಾನ್ಯವಾಗಿ ನಾವು ಹೋಲಿಸೋದು ಹೇಗೆ? ಇದು ಸೊನ್ನೆ, ಅದು 20 ಲಕ್ಷ ಅಂತ. ನಾನು ಸ್ಕಾಲರ್‌ಶಿಪ್ಪಿನ ಅತೀ ಕೆಟ್ಟ ಸ್ಥಿತಿಯನ್ನು ಗೋವಾದ ಒಳ್ಳೆಯ ಸ್ಥಿತಿಯ ಪಕ್ಕ ಇಟ್ಟೆ. ಮೊದಲ ವರ್ಷವೇ 8.5 ತಪ್ಪಿತು ಅಂತಿಟ್ಟುಕೊಳ್ಳಿ. ಮೂರು ವರ್ಷದ ಪೂರ್ತಿ ಫೀಸು 9 ಲಕ್ಷ. ಹಾಸ್ಟೆಲ್, ಮೆಸ್ ಖರ್ಚು ಹೇಗೂ ಅಪ್ಪ ಹೊಂದಿಸುವುದರಲ್ಲಿ ಮುಗಿಯುತ್ತೆ. ಆ 9 ಲಕ್ಷದಲ್ಲಿ ಏಳೂವರೆಗೆ ಅಡಮಾನ ಇಲ್ಲದ ಸಾಲ ಸಿಗುತ್ತೆ, ಉಳಿದದ್ದನ್ನು ಮೂರು ವರ್ಷದಲ್ಲಿ ಹೇಗೋ ಒದಗಿಸಬಹುದು. ಅಂದರೆ ಅಲ್ಲಿ ಎಲ್ಲ ಕೆಟ್ಟರೂ ಚಿಕ್ಕಪ್ಪಂದಿರ ಸಹಿ ಕೇಳುವ ಪ್ರಸಂಗ ಬರಲ್ಲ. ಗೋವಾದಲ್ಲಿ ಎಲ್ಲ ಸರಿ ಇದ್ದರೂ ಬರುತ್ತೆ.

ಅಷ್ಟಾದರೂ ಮನಸ್ಸು ಒಪ್ಪಲಿಲ್ಲ. ಎರಡು ರಾತ್ರಿ ಅತ್ತಿದ್ದೇನೆ. ಕೊನೆಗೆ ತೀರ್ಮಾನ ಮಾಡಿಸಿದ್ದು ಪಿಯು ಕಾಲೇಜಿನ ಫಿಸಿಕ್ಸ್ ಸರ್ ಕೇಳಿದ ಒಂದು ಪ್ರಶ್ನೆ: "ನಿಂಗೆ ಅಲ್ಲಿ ಏನು ಬೇಕಾಗಿತ್ತು? ಹೆಸರು ಹೇಳ್ಬೇಡ, ಕೆಲಸ ಹೇಳು." ನನಗೆ ಬೇಕಿದ್ದದ್ದು ಚಿಪ್ ಡಿಸೈನ್. ಸರ್ ಹೇಳಿದ್ದು ಇಷ್ಟೇ. ಅದನ್ನು ಗಟ್ಟಿಯಾಗಿ ಕಲಿಯೋದು ಎಂ.ಟೆಕ್‌ನಲ್ಲಿ. ಅದರ ಪ್ರವೇಶ ಪರೀಕ್ಷೆ ಗೇಟ್ ಬರೆದು ಐಐಟಿಗೋ, ಎನ್‌ಐಟಿಗೋ, ಐಐಎಸ್‌ಸಿಗೋ ಹೋದರೆ ಸರ್ಕಾರವೇ ತಿಂಗಳಿಗೆ 12,400 ರೂಪಾಯಿ ಕೊಡುತ್ತೆ. ಬಿ.ಟೆಕ್‌ಗೆ ನೀನು ದುಡ್ಡು ಕೊಡ್ಬೇಕು, ಎಂ.ಟೆಕ್‌ಗೆ ಅವರು ನಿಂಗೆ ಕೊಡ್ತಾರೆ. ಆದರೆ 26 ಸಾವಿರ ಇಎಂಐ ತಲೆ ಮೇಲೆ ಇದ್ದರೆ 12,400ಕ್ಕೆ ಓದೋಕೆ ಹೋಗ್ತೀಯಾ? ಮೊದಲು ಸಿಕ್ಕ ಕೆಲಸಕ್ಕೆ ಸೇರ್ತೀಯ.

ಅಲ್ಲಿಗೆ ಇದು ಈ ಕಾಲೇಜೋ ಆ ಕಾಲೇಜೋ ಅನ್ನೋ ಪ್ರಶ್ನೆಯಾಗಿ ಉಳಿಯಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಪ್ರಶ್ನೆ ಆಯಿತು. ಯೂನಿವರ್ಸಿಟಿಗೆ ಸೇರಿದೆ.

ಸೇರಿದ ಮೇಲೆ ಸಿಹಿ ಮಾತ್ರ ಇತ್ತು ಅಂತಲ್ಲ. 8.5 ಅನ್ನೋ ಗೆರೆ ನೀವು ಓದುವ ರೀತಿಯನ್ನೇ ಬದಲಿಸುತ್ತೆ. ಇದನ್ನು ಯಾರೂ ಮೊದಲೇ ಹೇಳಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಡ್ರಾಯಿಂಗ್‌ಗೆ ಕೊಟ್ಟಷ್ಟು ಹೊತ್ತು ನಾನು ಎಲೆಕ್ಟ್ರಾನಿಕ್ಸ್‌ಗೂ ಕೊಡಲಿಲ್ಲ. ಮೂರನೇ ವರ್ಷ ಅನಲಾಗ್ ಡಿಸೈನ್ ಅಂತ ಒಂದು ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ಸಬ್ಜೆಕ್ಟ್) ಇತ್ತು, ಅಂಕ ಬಿಗಿಯಾಗಿ ಕೊಡುತ್ತಾರೆ ಅಂತ ಸ್ಕಾಲರ್‌ಶಿಪ್‌ನವರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ನಾನು ಆ ಮೇಷ್ಟ್ರ ಹತ್ತಿರ ಹೋಗಿ, ಸರ್, ಪರೀಕ್ಷೆಗೆ ಕೂರಲ್ಲ, ಕ್ಲಾಸಲ್ಲಿ ಕೂರ್ತೀನಿ ಅಂದೆ. ಬಾ ಅಂದರು. ಆ ಸೆಮಿಸ್ಟರ್ ಅಂಕಕ್ಕೆ ತಗೊಂಡಿದ್ದು ಸುಲಭದ್ದು, ಕಲಿತಿದ್ದು ಕಷ್ಟದ್ದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಲ್ಲರ ಹಾಗೆ ನಾನೂ ಊರಿಗೆ ಬಂದು, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಕೊಡೆ ಹಿಡಿದು ಕ್ಲಾಸ್ ಕೇಳಿದೆ. ಬಿಟ್ಸ್ ಗೋವಾಕ್ಕೇ ಸೇರಿದ್ದ ನನ್ನ ಒಬ್ಬ ಗೆಳತಿಯೂ ಆಗ ಅವಳ ಮನೆಯಲ್ಲೇ ಇದ್ದಳು.

2023ರಲ್ಲಿ ಗೇಟ್ ಬರೆದೆ, ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಸಿಕ್ಕಿತು, ವಿಎಲ್‌ಎಸ್‌ಐ, ಅಂದರೆ ಚಿಪ್ ಡಿಸೈನೇ. ಕ್ಯಾಂಪಸ್ ಸಂದರ್ಶನದಲ್ಲಿ ಬಂದಿದ್ದ ಸಾಫ್ಟ್‌ವೇರ್ ಕೆಲಸವನ್ನು ಬೇಡ ಅಂದೆ. ಸಾಲ ಇದ್ದಿದ್ದರೆ ಅನ್ನುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕೆಲಸ. ಗೋವಾದ ಗೆಳತಿಯೂ ಚೆನ್ನಾಗಿದ್ದಾಳೆ. ಅವಳ ಅಪ್ಪನದು ಸರ್ಕಾರಿ ನೌಕರಿ, ತಿಂಗಳ ಸಂಬಳ, ಕೊಳೆ ರೋಗದ ಭಯ ಇಲ್ಲ. ಅವಳ ಲೆಕ್ಕದಲ್ಲಿ ಅವಳು ಮಾಡಿದ್ದೂ ಸರಿಯೇ.

ಹಾಗಾಗಿ ನನ್ನ ಲೆಕ್ಕ ಎಲ್ಲರಿಗೂ ಕೂರಲ್ಲ. ಲಾ ಓದೋರಿಗೆ ಗೇಟ್ ತರಹದ ದಾರಿ ಇಲ್ಲ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಸೀಟು ಸಿಕ್ಕವರಿಗೆ ಅದರ ಬದಲು ಎಲ್ಲೋ ಉಚಿತ ಸೀಟು ಹಿಡಿಯಿರಿ ಅಂತ ನಾನಂತೂ ಹೇಳಲ್ಲ. ಡಿಸೈನ್‌ಗೂ ಹಾಗೇ. ಅಲ್ಲಿ ಹೆಚ್ಚಿನವರಿಗೆ ಮೊದಲ ಡಿಗ್ರಿಯೇ ಕೊನೆಯದು, ಕಾಲೇಜಿನ ಹೆಸರು ಅಲ್ಲೇ ಕೆಲಸ ಮಾಡಬೇಕು. ಎಂಜಿನಿಯರಿಂಗ್‌ನವರಿಗೆ ಗೇಟ್ ಮೂಲಕ ಎರಡನೇ ಡಿಗ್ರಿಗೆ ಎದುರಿಂದ ದುಡ್ಡು ಬರುತ್ತೆ.

ಇನ್ನೊಂದು, ಗಡಿಬಿಡಿಯಲ್ಲಿ ಎಲ್ಲರೂ ಮರೆಯೋದು. ಯಾವ ಕಾಲೇಜಿಗೆ ಮುಂಗಡ ಕಟ್ಟಿದರೂ ಮೂಲ ಅಂಕಪಟ್ಟಿ ಅವರ ಹತ್ತಿರ ಬಿಟ್ಟು ಬರಬೇಡಿ. ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದೇ ಆದೇಶದಲ್ಲಿ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಕಟ್ಟಿದ್ದು ಪೂರ್ತಿ ವಾಪಸ್, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು ಅಂತ ಇತ್ತು. ಈ ವರ್ಷದ ನಿಯಮ ಒಮ್ಮೆ ನೋಡಿಕೊಂಡು, ಆ ಕೊನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸ್ಕಾಲರ್‌ಶಿಪ್ಪಿನ ಷರತ್ತಿಗೆ ಇಮೇಲ್‌ನಲ್ಲಿ ಉತ್ತರ ಬರುವ ತನಕ ಕೈಯಲ್ಲಿರುವ ಸಿಇಟಿ ಸೀಟು ಬಿಡಬೇಡಿ.