ಬಾಲ್ರಾಗ್ ಮುಂದೆ ಐದು ಸಲ ಸೋತು, ಆರನೇ ಸಲ ಗೆದ್ದಿದ್ದು

ನಮ್ಮ ಮನೆಗೆ ಪಿಎಸ್2, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ, ಬಂದದ್ದು 2007ರಲ್ಲಿ. ಮಾವ ತಾವು ಆಡುತ್ತಿದ್ದ ಹಳೆಯದನ್ನು ಕೊಟ್ಟರು. ಜೊತೆಗೆ ಎರಡು ಕಂಟ್ರೋಲರ್, ಒಂದು ಮೆಮೊರಿ ಕಾರ್ಡ್, ನಾಲ್ಕು ಡಿಸ್ಕ್. ಆ ನಾಲ್ಕರಲ್ಲಿ ಒಂದು 'ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಥರ್ಡ್ ಏಜ್'. ಆ ಹೆಸರಿನ ಮೂರೂ ಸಿನಿಮಾಗಳನ್ನು ನಾನು ಮತ್ತು ತಮ್ಮ ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಹಾಗಾಗಿ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ.

ಇದು 2004ರ ನವೆಂಬರ್‌ನಲ್ಲಿ ಬಂದ ಆಟ. ಮಾಡಿದವರು ಕ್ಯಾಲಿಫೋರ್ನಿಯಾದ ಇಎ ರೆಡ್‌ವುಡ್ ಶೋರ್ಸ್. ಸಿನಿಮಾದ ದೃಶ್ಯಗಳು, ಸಂಗೀತ ಎಲ್ಲವೂ ಇದರಲ್ಲಿವೆ. ನಡುನಡುವೆ ಮಂತ್ರವಾದಿ ಗ್ಯಾಂಡಾಲ್ಫ್ ಕಥೆ ಹೇಳುತ್ತಾನೆ. ಆ ದನಿ ಸಿನಿಮಾದ ಗ್ಯಾಂಡಾಲ್ಫ್ ಇಯಾನ್ ಮೆಕೆಲನ್ ಅವರದ್ದೇ. ಆದರೆ ನಾವು ಆಡುವುದು ಸಿನಿಮಾದ ನಾಯಕರಾದ ಫ್ರೋಡೋ ಆಗಿಯೂ ಅಲ್ಲ, ಅರಗಾರ್ನ್ ಆಗಿಯೂ ಅಲ್ಲ. ಬೊರೊಮಿರ್‌ನನ್ನು ಹುಡುಕಿಕೊಂಡು ಹೊರಟ ಬೆರೆಥೊರ್ ಎಂಬ ಗೊಂಡೋರ್‌ನ ಯೋಧ ನಮ್ಮ ಕೈಗೆ ಸಿಗುತ್ತಾನೆ. ಉಂಗುರವನ್ನು ನಾಶ ಮಾಡಲು ಫ್ರೋಡೋನ ತಂಡ ಹೋದ ದಾರಿಯಲ್ಲೇ ಅವನೂ ಹೋಗುತ್ತಾನೆ, ಸ್ವಲ್ಪ ಹಿಂದೆ. ಇದೇ ನನಗೆ ಬಹಳ ಹಿಡಿಸಿತು. ಸಿನಿಮಾದಲ್ಲಿ ಯಾರ ಕಣ್ಣಿಗೂ ಬೀಳದೆ ಎಷ್ಟು ಜನ ಹೋರಾಡಿರಬೇಕು, ಅಲ್ವಾ? ಅವರ ಕಥೆ ಇದು.

ಕಾಳಗ ಪೂರ್ತಿ ಸರದಿಯ ಮೇಲೆ ನಡೆಯುತ್ತದೆ. ನಮ್ಮ ಕಡೆ ಒಂದು ಸಲಕ್ಕೆ ಮೂವರು, ಆ ಕಡೆ ಶತ್ರುಗಳು. ಮುಂದೆ ಯಾರ ಸರದಿ ಎಂಬ ಸಾಲು ಪರದೆಯಲ್ಲೇ ಕಾಣುತ್ತದೆ. ನಮ್ಮ ಸರದಿ ಬಂದಾಗ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಒಂದು ಸಂಜೆ ಅಮ್ಮ ಹಿಂದೆ ನಿಂತು ನೋಡಿ, "ಇದು ಚೌಕಾಬಾರಾ ಥರಾನೇ ಇದೆಯಲ್ಲೋ. ನಿನ್ನ ಆಟ ಮುಗೀತು, ಈಗ ಅವನ ಆಟ" ಅಂದರು. ನನ್ನ ತಲೆಯಲ್ಲಿ ಆಟ ಸರಿಯಾಗಿ ಕೂತದ್ದು ಆಗಲೇ. ಚೌಕಾಬಾರಾದಲ್ಲಿ ಒಂದೇ ಕಾಯಿಯನ್ನು ಓಡಿಸುತ್ತಾ ಹೋದರೆ ಉಳಿದವು ಮನೆಯಲ್ಲೇ ಕೂರುತ್ತವೆ. ನಾನು ಇಲ್ಲಿ ಮಾಡುತ್ತಿದ್ದದ್ದೂ ಅದೇ.

ಬೆರೆಥೊರ್‌ನ ಕತ್ತಿಯ ಪೆಟ್ಟು ಜೋರು. ಹಾಗಾಗಿ ಎಲ್ಲ ಕಾಳಗವನ್ನೂ ಅವನಿಂದಲೇ ಮುಗಿಸುತ್ತಿದ್ದೆ. ಎಲ್ಫ್ ಹೆಣ್ಣು ಇದ್ರಿಯಲ್‌ಗೆ ಕೆಲಸ ಇರುತ್ತಿದ್ದದ್ದು ಯಾರಿಗಾದರೂ ಪೆಟ್ಟಾದಾಗ ಮಾತ್ರ. ಬಿಲ್ಲುಗಾರ ಎಲೆಗೋಸ್ಟ್ ಸುಮ್ನೆ ಒಂದೊಂದು ಬಾಣ ಬಿಡುತ್ತಿದ್ದ. ಮೋರಿಯಾ ಎಂಬ ನೆಲದಡಿಯ ಗಣಿಯಲ್ಲಿ ಕುಳ್ಳರ ಕುಲದ ಹಾಧೋದ್ ಜೊತೆಗೂಡಿದ. ಅವನನ್ನೂ ಹಾಗೇ ಇಟ್ಟುಕೊಂಡೆ. ಒಂದೇ ಎತ್ತಿನ ಹೆಗಲ ಮೇಲೆ ನೊಗ ಹಾಕಿ ಹೊಲ ಉತ್ತ ಹಾಗೆ. ಒಂದಷ್ಟು ದೂರ ಸಾಗಿತು, ಆಮೇಲೆ ನಿಂತಿತು.

ನಿಂತದ್ದು ಮೋರಿಯಾದ ಖಜಾದ್-ದೂಮ್ ಸೇತುವೆಯ ಮೇಲೆ, ಬಾಲ್ರಾಗ್ ಎಂಬ ಬೆಂಕಿಯ ದೈತ್ಯನ ಎದುರು. ಅಲ್ಲಿ ಸಾಕ್ಷಾತ್ ಗ್ಯಾಂಡಾಲ್ಫ್ ನಮ್ಮ ಜೊತೆ ನಿಂತು ಹೋರಾಡುತ್ತಾನೆ. ಆದರೂ ಐದು ಸಲ ಸೋತೆ. ಬೆರೆಥೊರ್ ಬಿದ್ದ ಕೂಡಲೇ ಎಲ್ಲ ಮುಗಿಯುತ್ತಿತ್ತು. ಉಳಿದವರ ಹತ್ತಿರ ಹೇಳಿಕೊಳ್ಳುವಂಥ ವಿದ್ಯೆಯೇ ಇರಲಿಲ್ಲ.

ಕಾರಣ ಆಟದ ರಚನೆಯಲ್ಲೇ ಇದೆ. ಲೆವೆಲ್ ಏರಿದರೆ ಬಲ ಹೆಚ್ಚುತ್ತದೆ, ಸರಿ. ಆದರೆ ಹೊಸ ವಿದ್ಯೆ ಬರುವುದು ಇರುವ ವಿದ್ಯೆಯನ್ನು ಬಳಸಿದಾಗ ಮಾತ್ರ. ಕತ್ತಿ ವಿದ್ಯೆ ಬಳಸಿದರೆ ಅದರಲ್ಲೇ ಮುಂದಿನದು ತೆರೆಯುತ್ತದೆ. ಇದ್ರಿಯಲ್ ತನ್ನ ಮಂತ್ರಶಕ್ತಿ ಬಳಸಿದಷ್ಟೂ ಆ ಸಾಲಿನಲ್ಲಿ ಮೇಲಿನವು ಸಿಗುತ್ತವೆ. ಬಳಸದಿದ್ದರೆ ಅವಳು ಎಷ್ಟು ಲೆವೆಲ್ ಏರಿದರೂ ಕಲಿತದ್ದು ಅಷ್ಟೇ. ನಾನು ಕಾಳಗಗಳನ್ನು ಬೇಗ ಮುಗಿಸಿದ್ದೆ, ಕಲಿಯುವ ಅವಕಾಶಗಳೂ ಅದರ ಜೊತೆಗೇ ಮುಗಿದಿದ್ದವು.

ಎರಡು ದಿನ ಡಿಸ್ಕ್ ಮುಟ್ಟಲಿಲ್ಲ. ಮೂರನೇ ದಿನ ಮೊದಲಿನಿಂದ ಶುರು ಮಾಡಿದೆ.

ಈ ಸಲ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಶತ್ರುಪಡೆಯ ರಾಕ್ಷಸರಾದ ಸಣ್ಣ ಓರ್ಕ್‌ಗಳು ಬಂದರೆ ಬೆರೆಥೊರ್ ಕೊಲ್ಲುವಂತಿಲ್ಲ. ಅವನು ಮುಂದಾಳುತನದ ವಿದ್ಯೆಗಳನ್ನು ಬಳಸಿ ಜೊತೆಯವರಿಗೆ ಬಲ ತುಂಬಬೇಕು. ಕೊನೆಯ ಓರ್ಕ್ ಒಂದೇ ಉಳಿದಾಗ ಅವಸರ ಮಾಡಬಾರದು. ಅವನಿಂದ ಆಗುವ ಗಾಯ ಸಣ್ಣದು. ಆ ನಾಲ್ಕೈದು ಸರದಿಗಳಲ್ಲಿ ಇದ್ರಿಯಲ್ ತನ್ನ ಮಂತ್ರ, ಎಲೆಗೋಸ್ಟ್ ತನ್ನ ಬಿಲ್ಲು, ಎಲ್ಲರೂ ತಮ್ಮ ತಮ್ಮ ವಿದ್ಯೆ ಬಳಸಬೇಕು. ಬಳಿಕ ಅವನನ್ನು ಮುಗಿಸಬೇಕು. ಎಪಿ, ಅಂದರೆ ವಿದ್ಯೆ ಬಳಸಲು ಖರ್ಚಾಗುವ ಆಕ್ಷನ್ ಪಾಯಿಂಟ್, ಖಾಲಿಯಾಗುತ್ತದಲ್ಲ ಎಂಬ ಚಿಂತೆ ಮೊದಲು ಇತ್ತು. ಕೂಡಿಟ್ಟ ಎಪಿಯಿಂದ ಏನೂ ಬೆಳೆಯುವುದಿಲ್ಲ ಎಂದು ಗೊತ್ತಾದ ಮೇಲೆ ಖರ್ಚು ಮಾಡಲು ಕೈ ಹಿಂಜರಿಯಲಿಲ್ಲ.

ಇನ್ನೊಂದು ವಿಷಯ. ಈ ಆಟದಲ್ಲಿ ಅಂಗಡಿಗಳಿಲ್ಲ, ಹಣವೂ ಇಲ್ಲ. ಕತ್ತಿ, ಗುರಾಣಿ, ಔಷಧಿ ಎಲ್ಲ ದಾರಿಯ ಪೆಟ್ಟಿಗೆಗಳಲ್ಲಿ ಅಥವಾ ಗೆದ್ದ ಕಾಳಗಗಳಲ್ಲಿ ಸಿಗಬೇಕು. ಹಾಗಾಗಿ ಮೂಲೆ ಮೂಲೆ ನೋಡಿಕೊಂಡು ಹೋದೆ. ಹೊಸ ಕವಚ ತೊಡಿಸಿದರೆ ಅದು ಮೈಮೇಲೆ ಕಾಣುತ್ತದೆ. ತಮ್ಮನಿಗೆ ಅದೇ ದೊಡ್ಡ ಖುಷಿ.

ಸೇವ್ ಮಾಡುವ ಜಾಗ ಕಂಡರೆ ಬಿಡಲೇಬಾರದು ಎನ್ನುವುದನ್ನು ಕಲಿಸಿದ್ದು ಕರೆಂಟ್. ಮೋರಿಯಾದ ಕತ್ತಲೆಯಲ್ಲಿ ಒಂದೂವರೆ ಗಂಟೆ ನಡೆದಿದ್ದೆವು. ದೀಪ ಹೋಯಿತು, ಟಿವಿ ಹೋಯಿತು, ಅಷ್ಟೂ ದಾರಿ ಹೋಯಿತು. ತಮ್ಮ ಅತ್ತೇ ಬಿಟ್ಟ.

ಎರಡನೇ ಕಂಟ್ರೋಲರ್ ಅವನ ಕೈಗೆ ಕೊಟ್ಟದ್ದು ಅವತ್ತೇ. ಕಾಳಗದಲ್ಲಿ ಇಬ್ಬರು ಸೇರಿ ಆಡಬಹುದು ಎನ್ನುವುದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅವನು ಇದ್ರಿಯಲ್‌ಳನ್ನು ತೆಗೆದುಕೊಂಡ. ಆಗ ಅವನಿಗೆ ಹತ್ತು ವರ್ಷ. ನಾನಾಗಿದ್ದರೆ ಅವಳಿಂದಲೂ ಕತ್ತಿ ಬೀಸಿಸುತ್ತಿದ್ದೆ. ಅವನು ಮಾತ್ರ ಪ್ರತಿ ಸರದಿಯಲ್ಲೂ ಮೊದಲು ಎಲ್ಲರ ಆರೋಗ್ಯದ ಪಟ್ಟಿ ನೋಡುತ್ತಿದ್ದ. ಅರ್ಧಕ್ಕಿಂತ ಕೆಳಗೆ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. "ಅಣ್ಣ, ಈ ಸಲ ನೀನು ಹೊಡಿ, ನಾನು ನೋಡ್ಕೋತೀನಿ" ಅನ್ನುತ್ತಿದ್ದ. ನಮ್ಮ ತಂಡಕ್ಕೆ ಬೇಕಾಗಿದ್ದದ್ದು ಇಂಥವನೇ.

ಆರನೇ ಸಲ ಬಾಲ್ರಾಗ್ ಎದುರು ನಿಂತಾಗ ಯೋಜನೆ ಸರಳವಾಗಿತ್ತು. ಇದ್ರಿಯಲ್ ವಾಸಿ ಮಾಡುತ್ತಾಳೆ, ಹೊಡೆಯುವುದಿಲ್ಲ. ಬೆಂಕಿಯ ಜೀವಿಗೆ ಬೆಂಕಿ ಬೇಡ ಅಂತ ಹಾಧೋದ್‌ನ ಬೆಂಕಿ ಮಂತ್ರ ಮುಟ್ಟಲಿಲ್ಲ. ಗ್ಯಾಂಡಾಲ್ಫ್‌ನ ಸರದಿ ಬಂದಾಗ ಅವನ ದೊಡ್ಡ ವಿದ್ಯೆ. ಕಾಳಗದಲ್ಲಿ ಚೆನ್ನಾಗಿ ಆಡುತ್ತಾ ಹೋದರೆ ಪರದೆಯ ಮೇಲೆ ಒಂದು ಪಟ್ಟಿ ತುಂಬುತ್ತದೆ. ತುಂಬಿದಾಗ 'ಪರ್ಫೆಕ್ಟ್ ಮೋಡ್' ಎಂಬ ಭಾರಿ ಪೆಟ್ಟು ಹೊಡೆಯಬಹುದು. ಮೊದಲೆಲ್ಲ ಅದು ತುಂಬಿದ ಕೂಡಲೇ ಸಣ್ಣ ಓರ್ಕ್ ಮೇಲೆ ಸುರಿದು ಬಿಡುತ್ತಿದ್ದೆ. ಈ ಸಲ ತುಂಬಿದ್ದನ್ನು ಹಾಗೇ ಇಟ್ಟುಕೊಂಡು ಬಂದಿದ್ದೆ. ಹತ್ತು ಹದಿನೈದು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. ಬಾಲ್ರಾಗ್ ಬಿದ್ದಾಗ ತಮ್ಮ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಅಲ್ಲಿಂದ ಮುಂದೆ ರೋಹಾನ್‌ನಲ್ಲಿ ಮಾರ್ವೆನ್, ಇಯೋಡೆನ್ ಸೇರಿ ಆರು ಜನರಾದೆವು. ಕಾಳಗದ ನಡುವೆಯೇ ಒಬ್ಬರನ್ನು ಹಿಂದಕ್ಕೆ ಕರೆದು ಇನ್ನೊಬ್ಬರನ್ನು ಕಳಿಸಬಹುದು. ಆರು ಜನಕ್ಕೂ ಕೆಲಸ ಹಂಚುವುದು ಕಷ್ಟ, ಆದರೆ ಹಂಚಿದೆವು. ಹೆಲ್ಮ್ಸ್ ಡೀಪ್, ಆಸ್ಗಿಲಿಯಾತ್, ಮಿನಾಸ್ ತಿರಿತ್ ಪ್ರದೇಶಗಳನ್ನು ದಾಟಲು ಒಂದು ಬೇಸಿಗೆ ರಜೆ ಸಾಕಾಯಿತು. ಪೆಲೆನೋರ್ ಬಯಲಿನಲ್ಲಿ ನಮ್ಮನ್ನು ಉಳಿಸಿದ್ದು ಇದ್ರಿಯಲ್ ಕಲಿತ 'ಆರಾ ಆಫ್ ದಿ ವಲಾರ್'. ಅದರ ರಕ್ಷೆ ಇದ್ದವರು ಸತ್ತರೆ ತಾವಾಗಿಯೇ ಮತ್ತೆ ಎದ್ದು ನಿಲ್ಲುತ್ತಾರೆ. ಆಡಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮೊದಲ ದಿನದಿಂದಲೇ ಅವಳ ಮಂತ್ರಗಳನ್ನು ಬಳಸಿ, ಇದು ಸಿಗುವವರೆಗೂ ಬಿಡಬೇಡಿ. ಕೊನೆಯ ಕಾಳಗ ಕಥೆಯ ದುಷ್ಟ ದೊರೆ ಸೌರಾನ್‌ನ ಕಣ್ಣಿನ ಜೊತೆ. ಬಾಲ್ರಾಗ್ ಮುಂದೆ ಸೋತು ಗೆದ್ದ ನಮಗೆ ಅದು ಅಷ್ಟು ರುಚಿಸಲಿಲ್ಲ.

ದಾರಿಯಲ್ಲಿ ಒಂದು ಕಡೆ ಮಾತ್ರ ನಾವಿಬ್ಬರೂ ಒಪ್ಪಲಿಲ್ಲ. ಒಂದು ಪ್ರದೇಶ ಮುಗಿದ ಮೇಲೆ 'ಈವಿಲ್ ಮೋಡ್' ತೆರೆಯುತ್ತದೆ. ಅದರಲ್ಲಿ ನಾವು ಶತ್ರುಗಳ ಪಕ್ಷ. ನಮ್ಮದೇ ನಾಯಕರನ್ನು ಹೊಡೆದು ಬೀಳಿಸಬೇಕು. ಗೆದ್ದರೆ ಸಿಗುವ ವಸ್ತುಗಳು ನಮ್ಮ ತಂಡದ ಚೀಲಕ್ಕೇ ಬರುತ್ತವೆ. ಅಂಗಡಿಯೇ ಇಲ್ಲದ ಆಟದಲ್ಲಿ ಇದು ಸಣ್ಣ ಲಾಭವಲ್ಲ. ಇದನ್ನು ತಮ್ಮನಿಗೆ ಬಿಡಿಸಿ ಹೇಳಿದೆ. ಅವನು ಕೇಳಿದ. ಎದುರಿಗೆ ಇದ್ರಿಯಲ್ ನಿಂತದ್ದನ್ನು ನೋಡಿದ. ಕಂಟ್ರೋಲರ್ ಕೆಳಗಿಟ್ಟು ಒಳಗೆ ಹೋದ.

ಮಾರನೇ ದಿನ ಅವನು ಟ್ಯೂಷನ್‌ಗೆ ಹೋದಾಗ ನಾನೊಬ್ಬನೇ ಕೂತು ಆಡಿ, ವಸ್ತುಗಳನ್ನು ತೆಗೆದುಕೊಂಡೆ. ಅವಳಿಗೆ ಹೊಸದಾಗಿ ತೊಡಿಸಿದ್ದು ಎಲ್ಲಿಂದ ಬಂತು ಅಂತ ಅವನು ಕೇಳಿದ. ಪೆಟ್ಟಿಗೆಯಲ್ಲಿ ಸಿಕ್ಕಿತು ಅಂದೆ.